ಕಾರ್ಯಕ್ರಮ ಹತ್ತಾರು, ಹೊಂದಿಸುವವರು ಯಾರು?

ಜೂನ್ ತಿಂಗಳಲ್ಲಿ ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹೊಸ ಪಾಠ ಶುರುವಾಗುವ ಮೊದಲು ‘ಸೇತುಬಂಧ’ ನಡೆಯುತ್ತದೆ. ಹಿಂದಿನ ತರಗತಿಯಲ್ಲಿ ಕಲಿತದ್ದರಲ್ಲಿ ಎಷ್ಟು ಉಳಿದಿದೆ ಎಂದು ನೈದಾನಿಕ ಪರೀಕ್ಷೆ ಮಾಡಿ ನೋಡುತ್ತಾರೆ, ಕೆಲವು ದಿನ ಹಳೆಯದನ್ನೇ ಮತ್ತೆ ಹೇಳಿಕೊಡುತ್ತಾರೆ, ಕೊನೆಗೆ ಸಾಫಲ್ಯ ಪರೀಕ್ಷೆ. ನಾಲ್ಕನೇ ತರಗತಿಯಲ್ಲಿ ಈ ಪರೀಕ್ಷೆ ಮಾಡಿದ ಶಿಕ್ಷಕಿಯರನ್ನು ಕೇಳಿ ನೋಡಿ, ಹೆಚ್ಚುಕಡಿಮೆ ಒಂದೇ ಚಿತ್ರ ಸಿಗುತ್ತದೆ. ಕೆಲವು ಮಕ್ಕಳು ಕಥೆಯೊಂದನ್ನು ಸರಾಗವಾಗಿ ಓದಿ, ಕೇಳಿದ ಪ್ರಶ್ನೆಗೂ ಉತ್ತರ ಹೇಳುತ್ತಾರೆ. ಕೆಲವರು ವಾಕ್ಯದವರೆಗೆ ಬರುತ್ತಾರೆ, ಒತ್ತಕ್ಷರ ಸಿಕ್ಕಿದಲ್ಲಿ ನಿಲ್ಲುತ್ತಾರೆ. ಇನ್ನು ಕೆಲವರಿಗೆ ಗುಣಿತಾಕ್ಷರವೇ ಗೊಂದಲ; ‘ಕೆ’ ಯಾವುದು, ‘ಕೊ’ ಯಾವುದು ಎಂದು ಶಿಕ್ಷಕಿಯ ಮುಖ ನೋಡಿಕೊಂಡು ಊಹಿಸುತ್ತಾರೆ. 42ರಲ್ಲಿ 17 ಕಳೆಯಲು ಕೊಟ್ಟರೆ 35 ಎಂದು ಬರೆದವರು ಹಲವರಿರುತ್ತಾರೆ. ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ಮಗುವಿನ ಲೆಕ್ಕಕ್ಕೂ ಒಂದು ತರ್ಕವಿದೆ, ಹತ್ತನ್ನು ಬಿಡಿಯಾಗಿ ಒಡೆಯುವುದೊಂದು ಅದಕ್ಕೆ ಗೊತ್ತಿಲ್ಲ. ಸೇತುಬಂಧ ಮುಗಿಯುತ್ತಲೇ ಇವರೆಲ್ಲರ ಕೈಗೂ ಬರುವುದು ನಾಲ್ಕನೇ ತರಗತಿಯ ಅದೇ ಪಠ್ಯಪುಸ್ತಕ.

ಈ ಅಂತರ ಸರ್ಕಾರಕ್ಕೆ ತಿಳಿಯದ್ದೇನಲ್ಲ. ಅದನ್ನು ತುಂಬಲೆಂದೇ ಎರಡು ದಶಕಗಳಿಂದ ಒಂದರ ಮೇಲೊಂದು ಪೂರಕ ಕಾರ್ಯಕ್ರಮಗಳು ಬಂದಿವೆ. ನಾಲ್ಕು ಮತ್ತು ಐದನೇ ತರಗತಿಯವರಿಗೆ ಪ್ರಥಮ್ ಸಂಸ್ಥೆಯ ಜೊತೆ ‘ಓದು ಕರ್ನಾಟಕ’, ಅದೇ ತರಗತಿಗಳಿಗೆ ಅಕ್ಷರ ಫೌಂಡೇಷನ್ ಜೊತೆ ‘ಗಣಿತ ಕಲಿಕಾ ಆಂದೋಲನ’. ಕೋವಿಡ್ ಕಾಲದಲ್ಲಿ, 2020ರಲ್ಲಿ, ಮರದಡಿ, ಗುಡಿಯ ಜಗಲಿಯಲ್ಲಿ ಪಾಠ ಮಾಡಿದ ‘ವಿದ್ಯಾಗಮ’. ಶಾಲೆ ಮುಚ್ಚಿದ್ದಾಗ ಆದ ನಷ್ಟ ತುಂಬಲು 2022-23ನೇ ಸಾಲನ್ನೇ ‘ಕಲಿಕಾ ಚೇತರಿಕೆ’ ವರ್ಷ ಎಂದು ಘೋಷಿಸಿ ಕೊಟ್ಟ ಕಲಿಕಾ ಹಾಳೆಗಳು. ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಸರಳ ಲೆಕ್ಕ ಬರಬೇಕು, 2026-27ರೊಳಗೆ ಇದು ಆಗಬೇಕು ಎಂದು 2021ರ ಜುಲೈನಲ್ಲಿ ಕೇಂದ್ರ ಆರಂಭಿಸಿದ ‘ನಿಪುಣ್ ಭಾರತ್’. ಇವುಗಳ ಜೊತೆಗೆ ಆಕಾಶವಾಣಿಯ ಪಾಠ, ಪ್ರತಿಭಾ ಕಾರಂಜಿ, ಕಲಿಕಾ ಹಬ್ಬ, ಚೀಲವಿಲ್ಲದ ಸಂಭ್ರಮ ಶನಿವಾರ, ಸಂಘ ಸಂಸ್ಥೆಗಳು ಕೊಡುವ ಟ್ಯಾಬ್, ಪುಸ್ತಕ, ವಿಜ್ಞಾನದ ಪೆಟ್ಟಿಗೆ.

ಇವುಗಳಲ್ಲಿ ಒಂದೊಂದನ್ನೂ ಬಿಡಿಯಾಗಿ ತೆಗೆದು ನೋಡಿದರೆ ತಪ್ಪು ಹುಡುಕುವುದು ಕಷ್ಟ. ಹಲವನ್ನು ಮಕ್ಕಳ ಮನಸ್ಸು ಬಲ್ಲವರು ಪ್ರೀತಿಯಿಂದ ಕಟ್ಟಿದ್ದಾರೆ. ಆದರೆ ಇವೆಲ್ಲ ಬಂದು ಸೇರುವುದು ಒಂದೇ ಕೋಣೆಗೆ, ಒಬ್ಬರೇ ಶಿಕ್ಷಕರ ದಿನಕ್ಕೆ. ಯಾವ ಮಗುವಿಗೆ ಯಾವುದು, ಯಾವ ಹೊತ್ತಿನಲ್ಲಿ, ಯಾರ ಕೈಯಿಂದ ಎಂದು ಹೊಂದಿಸುವ ಕೆಲಸವನ್ನು ಮಾತ್ರ ಯಾರ ಪಾಲಿಗೂ ಬರೆದಿಲ್ಲ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಕೊರತೆ ಇರುವುದು ಕಾರ್ಯಕ್ರಮಗಳದ್ದಲ್ಲ, ಈ ಹೊಂದಾಣಿಕೆಯದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪೂರಕ ಪಾಠವನ್ನು ಹೆಚ್ಚಿನವರು ಶಿಕ್ಷಕರ ಔದಾರ್ಯ ಎಂದುಕೊಂಡಿದ್ದಾರೆ. ಮನಸ್ಸಿದ್ದವರು ಸಂಜೆ ಅರ್ಧ ಗಂಟೆ ಕೂತು ಹೇಳಿಕೊಡುತ್ತಾರೆ, ಇಲ್ಲದವರು ಇಲ್ಲ. ಕಾನೂನು ಹಾಗೆ ಹೇಳುವುದಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಬೇಕಿದ್ದವರಿಗೆ ಹೆಚ್ಚುವರಿ ಬೋಧನೆ ನೀಡುವುದನ್ನೂ ಅವುಗಳಲ್ಲೇ ಸೇರಿಸಿದೆ. ಅಂದರೆ ಹಿಂದುಳಿದ ಮಗುವಿಗೆ ಹೆಚ್ಚುವರಿ ಪಾಠ ಸಿಗುವುದು ಆ ಮಗುವಿನ ಹಕ್ಕು. ಪಾಲಕರ ಸಭೆಗಳಲ್ಲಿ ಸಮವಸ್ತ್ರ, ಶೂ, ಹಾಲು, ಮೊಟ್ಟೆಯ ಬಗ್ಗೆ ಕೇಳುವ ತಾಯಂದಿರು ಇದನ್ನೂ ಧೈರ್ಯವಾಗಿ ಕೇಳಬಹುದು. ಅದೇ ಕಾಯ್ದೆಯ 27ನೇ ಸೆಕ್ಷನ್ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವಿಷ್ಟನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಎನ್ನುತ್ತದೆ. ಒಂದು ಸೆಕ್ಷನ್ ಕೆಲಸವನ್ನು ಕೊಟ್ಟರೆ ಇನ್ನೊಂದು ಅದಕ್ಕೆ ಬೇಕಾದ ಸಮಯವನ್ನು ಕಾಯಬೇಕು. 2025ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಸರ್ಕಾರಿ ಶಾಲೆಗಳ ಶಿಕ್ಷಕರೇ ಮನೆ ಮನೆ ತಿರುಗಿದರು. ಸಮೀಕ್ಷೆ ಮುಗಿಯಲೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆಯ ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ವಾಕ್ಯ ಓದುವ ಹಂತಕ್ಕೆ ಆಗಷ್ಟೇ ಬಂದಿದ್ದ ಮಗು ಆ ದಿನಗಳಲ್ಲಿ ಎಲ್ಲಿಗೆ ಜಾರಿತು ಎಂಬ ಲೆಕ್ಕವೂ ಒಂದು ಕಡೆ ಇರಬೇಕಲ್ಲ ಎಂಬುದಷ್ಟೇ ನನ್ನ ಮಾತು.

ಒಂದರಿಂದ ಐದರವರೆಗಿನ ಕಿರಿಯ ಪ್ರಾಥಮಿಕ ಶಾಲೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳೋಣ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎನ್ನುವುದು ಕಾಯ್ದೆಯ ಲೆಕ್ಕ. ಒಬ್ಬರು ನಲಿಕಲಿ ಕೋಣೆಯಲ್ಲಿ ಒಂದರಿಂದ ಮೂರರವರೆಗೆ, ಇನ್ನೊಬ್ಬರು ನಾಲ್ಕು, ಐದು. ಇವರಿಬ್ಬರಲ್ಲಿ ಹಿರಿಯರಾದವರೇ ಪ್ರಭಾರ ಮುಖ್ಯ ಶಿಕ್ಷಕರು. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಹಾಲಿನ ಪುಡಿ ಅಳೆದು ಕೊಡಬೇಕು, ಹಾಜರಾತಿ ತುಂಬಬೇಕು, ಅಕ್ಷರ ದಾಸೋಹದ ಅಕ್ಕಿ, ಬೇಳೆ ಲೆಕ್ಕ ಬರೆಯಬೇಕು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಬಂದಿದೆಯೇ ನೋಡಬೇಕು. ನಡುವೆ ಫೋನು. “ಮೇಡಂ, ನಿಮ್ ಶಾಲೆ ಮಾಹಿತಿ ಇನ್ನೂ ಬಂದಿಲ್ಲ, ಮೂರು ಗಂಟೆ ಒಳಗೆ ಗ್ರೂಪಿಗೆ ಹಾಕ್ಬಿಡಿ.” “ಸರ್, ಮಕ್ಕಳಿಗೆ ಊಟ ಬಡಿಸ್ತಿದ್ದೀವಿ, ಅರ್ಧ ಗಂಟೆ ಟೈಮ್ ಕೊಡಿ.” ಅತ್ತ ಕೇಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ (ಸಿಆರ್‌ಪಿ) ಮೇಲೂ ಬ್ಲಾಕಿನಿಂದ ಅಷ್ಟೇ ಒತ್ತಡ. ಇದರ ನಡುವೆ ಓದು ಕರ್ನಾಟಕದ ಗುಂಪು ಕೂರಿಸುವುದು ಯಾವಾಗ, ಗಣಿತ ಕಿಟ್ ತೆಗೆಯುವುದು ಯಾವಾಗ, ಗ್ರಂಥಾಲಯದ ಅವಧಿ ಯಾವಾಗ? ಉತ್ತರ ಸಿಗದಿದ್ದಾಗ ಮೊದಲು ಕಳಚಿ ಬೀಳುವುದೇ ಪೂರಕ ಪಾಠ. ಪಠ್ಯ ಮುಗಿದಿಲ್ಲ ಎಂದರೆ ಕೇಳುವವರಿದ್ದಾರೆ, ಬಿಸಿಯೂಟ ತಡವಾದರೂ ಕೇಳುವವರಿದ್ದಾರೆ. ಒತ್ತಕ್ಷರ ಬಾರದ ಮಗುವಿಗೆ ಇವತ್ತು ಇಪ್ಪತ್ತು ನಿಮಿಷ ಸಿಕ್ಕಿತೇ ಎಂದು ಕೇಳುವವರು ಇಲ್ಲ.

ಪೂರಕ ಬೋಧನೆ ಯಾವಾಗ ಫಲ ಕೊಡುತ್ತದೆ, ಯಾವಾಗ ಕೊಡುವುದಿಲ್ಲ ಎಂಬುದರ ಬಗ್ಗೆ ಭಾರತದಲ್ಲಿ ಆಗಿರುವಷ್ಟು ಎಚ್ಚರದ ಅಧ್ಯಯನ ಬೇರೆ ಕಡೆ ಆಗಿರುವುದು ಅಪರೂಪ. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ತಮ್ಮ ಸಹೋದ್ಯೋಗಿಗಳೊಂದಿಗೆ ಪ್ರಥಮ್ ಸಂಸ್ಥೆಯ ಕೆಲಸವನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಈ ಶತಮಾನದ ಆರಂಭದಲ್ಲಿ ವಡೋದರಾ ಮತ್ತು ಮುಂಬೈನ ಪಾಲಿಕೆ ಶಾಲೆಗಳಲ್ಲಿ ‘ಬಾಲಸಖಿ’ ಎಂಬ ವ್ಯವಸ್ಥೆ ಇತ್ತು. ಅದೇ ಬಡಾವಣೆಯ ಯುವತಿಯೊಬ್ಬಳು ಮೂರು, ನಾಲ್ಕನೇ ತರಗತಿಯಲ್ಲಿ ಹಿಂದೆ ಬಿದ್ದ ಹದಿನೈದು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು ಮೂಲಪಾಠ ಹೇಳಿಕೊಡುತ್ತಿದ್ದಳು. ಆ ಮಕ್ಕಳು ಚೆನ್ನಾಗಿ ಚೇತರಿಸಿಕೊಂಡರು. ಗಮನಿಸಬೇಕಾದ ಇನ್ನೊಂದು ಸಂಗತಿಯೂ ಅಲ್ಲಿತ್ತು. ಅಷ್ಟು ಮಕ್ಕಳು ಹೊರಗೆ ಹೋದ ಮೇಲೆ ಮೂಲ ತರಗತಿಯಲ್ಲಿ ಸಂಖ್ಯೆ ಇಳಿದಿತ್ತು, ಆದರೂ ಅಲ್ಲೇ ಉಳಿದವರ ಕಲಿಕೆಯಲ್ಲಿ ಹೆಚ್ಚಿನ ವ್ಯತ್ಯಾಸ ಆಗಲಿಲ್ಲ. ತಲೆಗಳ ಸಂಖ್ಯೆ ಕಡಿಮೆಯಾದರೆ ಸಾಲದು, ಪಾಠ ಮಗು ಇದ್ದಲ್ಲಿಗೆ ಇಳಿದು ಬರಬೇಕು.

ಆಮೇಲೆ ಬಿಹಾರ, ಉತ್ತರಾಖಂಡಗಳಲ್ಲಿ ಆದದ್ದು ನಮ್ಮ ಶಾಲೆಗಳಿಗೆ ಇನ್ನೂ ಹತ್ತಿರದ ಪಾಠ. ಅಲ್ಲಿ ಸರ್ಕಾರಿ ಶಿಕ್ಷಕರಿಗೆ ಈ ವಿಧಾನದ ತರಬೇತಿ ಕೊಟ್ಟು, ಸಾಮಗ್ರಿ ಕೊಟ್ಟು, ಇನ್ನು ನೀವು ಮಾಡಿಕೊಳ್ಳಿ ಎಂದು ಬಿಟ್ಟಾಗ ಮಕ್ಕಳ ಓದಿನಲ್ಲಿ ಬದಲಾವಣೆ ಕಾಣಲಿಲ್ಲ. ಅದೇ ಬಿಹಾರದಲ್ಲಿ ಸರ್ಕಾರಿ ಶಿಕ್ಷಕರೇ ಬೇಸಿಗೆ ಶಿಬಿರ ನಡೆಸಿದಾಗ ಓದು ಸುಧಾರಿಸಿತು. ಶಿಬಿರದಲ್ಲಿ ಅವರಿಗೆ ಅದೊಂದೇ ಕೆಲಸ. ಶಾಲಾ ದಿನಗಳಲ್ಲಿ ಪಠ್ಯ ಮುಗಿಸುವ ಒತ್ತಡದಡಿ ಅದೇ ವಿಧಾನಕ್ಕೆ ಜಾಗವೇ ಇರಲಿಲ್ಲ. ಹರಿಯಾಣದಲ್ಲಿ ದಿನದ ಒಂದು ಗಂಟೆಯನ್ನು ಇದಕ್ಕೆಂದೇ ಎತ್ತಿಟ್ಟು, ಮೂರರಿಂದ ಐದನೇ ತರಗತಿಯ ಮಕ್ಕಳನ್ನು ತರಗತಿ ಬಿಟ್ಟು ಓದಿನ ಮಟ್ಟದ ಮೇಲೆ ಕೂರಿಸಿ, ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳು ಶಾಲೆಗೆ ಬಂದು ಜೊತೆಗೆ ನಿಂತಾಗ ಹಿಂದಿ ಓದು ಸುಧಾರಿಸಿತು. ಅದೇ ರಾಜ್ಯದಲ್ಲಿ ನಿರಂತರ ಮೌಲ್ಯಮಾಪನ ಮಾಡಿ ದಾಖಲೆ ಇಡುವ ಕ್ರಮವನ್ನೂ ಅಳೆದು ನೋಡಿದ್ದರು. ಅದರಿಂದ ಮಕ್ಕಳ ಅಂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂಕಣಗಳಲ್ಲಿ ಗ್ರೇಡ್ ತುಂಬುವುದರಲ್ಲೇ ಸಂಜೆ ಕಳೆಯುವ ನಮ್ಮ ಶಿಕ್ಷಕರ ಮುಖ ಇದನ್ನು ಓದುವಾಗ ನನ್ನ ಕಣ್ಣಿಗೆ ಬಂತು. ಅಳತೆ ಬೇಕು, ನಿಜ. ಅಳೆದ ಮರುದಿನ ಮಗು ಕೂರುವ ಜಾಗ ಬದಲಾಗದಿದ್ದರೆ ಆ ಅಳತೆ ಕಡತಕ್ಕೆ ಮಾತ್ರ ಉಪಯೋಗ.

ಈ ತಿಳಿವಳಿಕೆಗೆ ನಾವು ಹೊರಗಿನ ಅಧ್ಯಯನಗಳನ್ನೇ ನಂಬಿ ಕೂರಬೇಕಾಗಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಒಂದೇ ಕೋಣೆಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳು ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್ ನೆರವಿನಿಂದ ಅವರು ಕಟ್ಟಿದ್ದೇ ನಲಿಕಲಿ. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳ ಚಿತ್ರ ನೇತುಹಾಕುವ ಚಪ್ಪರ, ಮಗುವಿನ ಎತ್ತರಕ್ಕೆ ಕಪ್ಪು ಹಲಗೆ. ಮಕ್ಕಳು ಕೂರುವುದು ‘ತಟ್ಟೆ’ಗಳಲ್ಲಿ: ಶಿಕ್ಷಕರ ಪೂರ್ಣ ಬೆಂಬಲ ಬೇಕಾದವರು ಒಂದರಲ್ಲಿ, ಸಹಪಾಠಿಯ ಬೆಂಬಲ ಸಾಕಾದವರು ಇನ್ನೊಂದರಲ್ಲಿ, ತಾವೇ ಕಲಿಯಬಲ್ಲವರು ಮತ್ತೊಂದರಲ್ಲಿ. ಹೆಚ್ಚುವರಿ ಬೋಧನೆ ಸಂಜೆಗೆ ಮುಂದೂಡುವ ಕೆಲಸವಾಗದೆ ದಿನದ ಒಳಗೇ ಹೆಣೆದುಕೊಂಡಿರುವುದು ಈ ವ್ಯವಸ್ಥೆಯ ಜಾಣತನ. ಮಗು ಮೂರನೇ ತರಗತಿ ದಾಟಿ ನಾಲ್ಕಕ್ಕೆ ಬರುತ್ತಲೇ ತಟ್ಟೆ ಹೋಗಿ ಸಾಲು ಬರುತ್ತದೆ, ಏಣಿ ಹೋಗಿ ಪಾಠದ ಸಂಖ್ಯೆ ಬರುತ್ತದೆ. ಏಣಿಯ ಅರ್ಧದಲ್ಲಿದ್ದ ಮಗು ಅಲ್ಲಿ ಕಳೆದುಹೋಗುತ್ತದೆ. ಓದು ಕರ್ನಾಟಕದಂಥ ಕಾರ್ಯಕ್ರಮ ಹಿಡಿಯಲು ಹೊರಟಿದ್ದು ಆ ಮಗುವನ್ನೇ.

ಹೊಂದಾಣಿಕೆ ಇಲ್ಲದಿದ್ದರೆ ಒಳ್ಳೆಯ ನೆರವೇ ಹೇಗೆ ಅಡ್ಡಬರುತ್ತದೆ ಎಂಬುದಕ್ಕೆ ನಲಿಕಲಿಯ ಅಕ್ಷರಗಳೇ ಸಾಕು. ನಲಿಕಲಿಯಲ್ಲಿ ಮಗು ಮೊದಲು ಕಲಿಯುವುದು ಅ, ಆ, ಇ, ಈ ಅಲ್ಲ. ರ, ಗ, ಸ, ದ, ಅ. ಬರೆಯಲು ಸುಲಭ, ಕಲಿತ ವಾರದಲ್ಲೇ ಸರ, ದರ, ಅರಸ, ಗರಗಸ ಎಂದು ಪದ ಕಟ್ಟಬಹುದು. ಈಗ ಊರಿನ ಉತ್ಸಾಹಿ ಯುವಕನೊಬ್ಬ ಸಂಜೆ ಉಚಿತ ಪಾಠ ಶುರು ಮಾಡುತ್ತಾನೆ ಎನ್ನಿ. ಅವನು ಕಲಿಸುವುದು ತಾನು ಕಲಿತ ಹಾಗೆ, ವರ್ಣಮಾಲೆಯ ಕ್ರಮದಲ್ಲಿ. ಮನೆಯಲ್ಲಿ ಅಜ್ಜಿಯೂ ಅದನ್ನೇ ಕೇಳುತ್ತಾಳೆ: “ಎರಡು ವರ್ಷ ಆಯ್ತು, ನಮ್ ಹುಡುಗಿಗೆ ಅ ಆ ಇ ಈ ಬರಲ್ಲ, ಏನ್ ಕಲಿಸ್ತೀರಿ ಮೇಡಂ?” ಮಗು ಬೆಳಿಗ್ಗೆ ಒಂದು ದಾರಿಯಲ್ಲಿ, ಸಂಜೆ ಇನ್ನೊಂದು ದಾರಿಯಲ್ಲಿ ನಡೆದು ಎರಡರಲ್ಲೂ ತಡವರಿಸುತ್ತದೆ. ಲೆಕ್ಕದಲ್ಲೂ ಹೀಗೇ. ಕಿಟ್‌ನ ಮಣಿಗಳಲ್ಲಿ ಹತ್ತರ ಒಂದು ಮಣಿ ತೆಗೆದು ಹತ್ತು ಬಿಡಿ ಮಣಿ ಇಡುವುದನ್ನು ಶಾಲೆಯಲ್ಲಿ ಕೈಯಾರೆ ಮಾಡಿದ ಮಗುವಿಗೆ, ಟ್ಯೂಷನ್ನಿನಲ್ಲಿ ‘ಪಕ್ಕದ ಮನೆಯಿಂದ ಸಾಲ ತಾ’ ಎಂದು ಮಂತ್ರ ಹೇಳಿಕೊಟ್ಟರೆ ಕಲಿತದ್ದು ಅಳಿಸಿಹೋಗುತ್ತದೆ. ಆ ಯುವಕನನ್ನು, ಆ ಟ್ಯೂಷನ್ ಅಕ್ಕನನ್ನು ಶಾಲೆಗೆ ಕರೆದು ಒಂದು ಗಂಟೆ ಕೂರಿಸಿ, ನಮ್ಮ ಮಕ್ಕಳು ಈ ಹಂತದಲ್ಲಿದ್ದಾರೆ, ನೀವು ಇದನ್ನು ಮುಂದುವರಿಸಿ ಎಂದು ಹೇಳುವ ಕೆಲಸ ಯಾವ ಸುತ್ತೋಲೆಯಲ್ಲೂ ಇಲ್ಲ. ಹಣ ಖರ್ಚಿಲ್ಲದೆ ಆಗುವ ಅತ್ಯಂತ ದೊಡ್ಡ ಉಪಕಾರ ಅದು.

ಸಂಪನ್ಮೂಲಗಳ ಮಾತಿಗೆ ಬಂದರೆ, ಬೀರುವಿನ ಬೀಗದ ವಿಷಯ ಹೇಳಲೇಬೇಕು. ಪುಸ್ತಕ ಕಳೆದರೆ, ಕಿಟ್‌ನ ದಾಳ, ಮಣಿ ಕಡಿಮೆಯಾದರೆ ದಾಸ್ತಾನು ಪುಸ್ತಕಕ್ಕೆ ಉತ್ತರ ಹೇಳಬೇಕಾದವರು ಮುಖ್ಯ ಶಿಕ್ಷಕರು. ಆ ಹೆದರಿಕೆಯಲ್ಲಿ ಬೀಗ ಬೀಳುತ್ತದೆ. ಇದಕ್ಕೆ ಶಿಕ್ಷಕರನ್ನು ದೂರುವುದು ನ್ಯಾಯವಲ್ಲ. ಮಕ್ಕಳ ಕೈಯಲ್ಲಿ ಹರಿದ ಪುಸ್ತಕವನ್ನು ಬಳಕೆಯ ಸಾಕ್ಷಿ ಎಂದು ಒಪ್ಪಿಕೊಂಡು ಪಟ್ಟಿಯಿಂದ ತೆಗೆಯುವ ಸರಳ ದಾರಿಯನ್ನು ಇಲಾಖೆ ಮಾಡಿಕೊಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕ, ಕಥೆ ಪುಸ್ತಕಗಳು ಇರಬೇಕು. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯಕ್ಕೆಂದೇ ಶಾಲೆಯ ಹಂತಕ್ಕೆ ತಕ್ಕಂತೆ 5 ಸಾವಿರದಿಂದ 20 ಸಾವಿರ ರೂಪಾಯಿವರೆಗೆ ಅನುದಾನಕ್ಕೆ ಅವಕಾಶವಿದೆ. ಹಾಗೆ ಬಂದ ಪುಸ್ತಕಗಳಲ್ಲಿ ನಾಲ್ಕನೇ ತರಗತಿಯ ತಡವರಿಸುವ ಓದುಗನಿಗೆ ಹೊಂದುವಂಥವು, ಅಂದರೆ ಪುಟಕ್ಕೆ ಒಂದೆರಡು ವಾಕ್ಯ, ದೊಡ್ಡ ಅಕ್ಷರ, ಒತ್ತಕ್ಷರ ಕಡಿಮೆ ಇರುವಂಥವು ಎಷ್ಟಿವೆ ಎಂದು ಯಾರಾದರೂ ಬೇರ್ಪಡಿಸಿ ಇಟ್ಟಿರುತ್ತಾರೆಯೇ? ಒಂದು ಭಾನುವಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ನಾಲ್ಕು ಜನ, ಊರಿನ ಕಾಲೇಜು ಹುಡುಗಿಯರು ಕೂತರೆ ಆಗುವ ಕೆಲಸ. ಬಣ್ಣದ ಟೇಪು ಅಂಟಿಸಿ ಮೂರು ಮಟ್ಟ ಮಾಡಿದರೆ ಮಗು ತನಗೆ ಬೇಕಾದ್ದನ್ನು ತಾನೇ ಎತ್ತಿಕೊಳ್ಳುತ್ತದೆ.

ಪುಸ್ತಕ ಸಾಲದಿದ್ದರೆ ಪಕ್ಕದಲ್ಲೇ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇದೆ, ಈಗ ಅದರ ಹೆಸರು ಅರಿವು ಕೇಂದ್ರ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನದಿಂದ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ಅದನ್ನು ನಡೆಸುವುದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ, ಶಾಲೆಯನ್ನು ನಡೆಸುವುದು ಶಿಕ್ಷಣ ಇಲಾಖೆ. ಎರಡು ಇಲಾಖೆಗಳ ನಡುವೆ ಇರುವ ದೂರ ಹಳ್ಳಿಯಲ್ಲಿ ಒಂದು ರಸ್ತೆ ದಾಟುವಷ್ಟು. ವಾರಕ್ಕೊಮ್ಮೆ ಐದನೇ ತರಗತಿಯ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ, ಮೇಲ್ವಿಚಾರಕರ ಹತ್ತಿರ ಆ ವಾರದ ಪುಸ್ತಕ ಕೊಡಿಸಿ ಬಂದರೆ ಶಾಲೆಯ ಗ್ರಂಥಾಲಯ ಒಂದೇ ದಿನದಲ್ಲಿ ಎರಡರಷ್ಟಾಗುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಓದಿನ ಮಟ್ಟದ ಪ್ರಕಾರ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂ ಅನುಮತಿ ಇದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಹಳೆಯ ಸಂಚಿಕೆಗಳೂ ಓದುವ ಮೂಲೆಗೆ ಚೆನ್ನ. ಟ್ಯಾಬ್ ದಾನ ಕೊಡುವ ಕಂಪನಿಗಳಿಗೆ ನನ್ನದೊಂದು ಕೋರಿಕೆ: ಕೊಡುವ ಮೊದಲು ಆ ಶಾಲೆಯ ವೇಳಾಪಟ್ಟಿ ಕೇಳಿ, ಟ್ಯಾಬನ್ನು ಚಾರ್ಜ್ ಮಾಡಿ ಇಡುವವರು ಯಾರು ಎಂದು ಕೇಳಿ.

ಇಬ್ಬರೇ ಶಿಕ್ಷಕರಿರುವಲ್ಲಿಯೂ ಇದನ್ನೆಲ್ಲ ಹೊಂದಿಸಿಕೊಂಡ ಶಾಲೆಗಳಿವೆ. ಅವು ಮಾಡಿದ್ದು ದೊಡ್ಡ ಸಾಹಸವಲ್ಲ. ಹಾಲು ಕುಡಿದಾದ ಮೇಲಿನ ಬೆಳಗಿನ ಒಂದು ಗಂಟೆಯನ್ನು ನಾಲ್ಕು ಮತ್ತು ಐದನೇ ತರಗತಿಯವರ ಓದು, ಲೆಕ್ಕಕ್ಕೆಂದೇ ಬಿಟ್ಟುಕೊಟ್ಟಿರುತ್ತಾರೆ. ಆ ಗಂಟೆಯಲ್ಲಿ ಫೋನು ಮೇಜಿನ ಡ್ರಾಯರಿನಲ್ಲಿ. ಊಟದ ನಂತರದ ಹೊತ್ತು ಇದಕ್ಕೆ ಆಗಿಬರುವುದಿಲ್ಲ. ಕಷ್ಟದ ಕಲಿಕೆಗೆ ದಿನದ ಒಳ್ಳೆಯ ಹೊತ್ತನ್ನೇ ಕೊಡಬೇಕು, ಉಳಿದ ಹೊತ್ತನ್ನಲ್ಲ. ಕಥೆ ಓದಬಲ್ಲವರು ಓದುವ ಮೂಲೆಯಲ್ಲಿ ತಾವೇ ಪುಸ್ತಕ ಹಿಡಿಯುತ್ತಾರೆ. ವಾಕ್ಯದವರು ಇಬ್ಬಿಬ್ಬರಾಗಿ ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ. ಶಿಕ್ಷಕಿ ನೆಲದ ಮೇಲೆ ಕೂರುವುದು ಅಕ್ಷರ, ಪದದಲ್ಲಿ ಸಿಕ್ಕಿಕೊಂಡವರ ಜೊತೆ. ಗಣಿತದ ಕಿಟ್ ಅದೇ ಗಂಟೆಯ ಅರ್ಧಕ್ಕೆ ಹೊರಬರುತ್ತದೆ. ಹೀಗೆ ಓದು ಕರ್ನಾಟಕ, ಗಣಿತ ಆಂದೋಲನ, ಗ್ರಂಥಾಲಯ ಮೂರೂ ಬೇರೆ ಬೇರೆ ಕಾರ್ಯಕ್ರಮವಾಗಿ ಉಳಿಯದೆ ಒಂದೇ ಗಂಟೆಯ ಮೂರು ಕೆಲಸವಾಗುತ್ತವೆ. ಕಳುಹಿಸುವ ಮಾಹಿತಿಯಲ್ಲಿ ಅವುಗಳನ್ನು ಮೂರು ಎಂದು ಬರೆಯಬಹುದು, ಮಗುವಿಗೆ ಅದೊಂದೇ.

ಇಂಥ ಗುಂಪುಗಳಲ್ಲಿ ಒಂದು ಅಪಾಯವೂ ಇದೆ. ಮಕ್ಕಳು ಬಹಳ ಬೇಗ ಅರ್ಥ ಮಾಡಿಕೊಳ್ಳುತ್ತಾರೆ, ಯಾವ ಗುಂಪು ದಡ್ಡರದ್ದು ಎಂದು. ಜೂನ್‌ನಲ್ಲಿ ಕೂರಿಸಿದ ಗುಂಪಿನಲ್ಲೇ ಮಗು ಮಾರ್ಚಿನವರೆಗೂ ಕೂತಿದ್ದರೆ ಆ ಹಣೆಪಟ್ಟಿ ಚರ್ಮಕ್ಕೆ ಅಂಟುತ್ತದೆ. ಆದ್ದರಿಂದ ಕೆಲವು ವಾರಕ್ಕೊಮ್ಮೆ ಮತ್ತೆ ಓದಿಸಿ ನೋಡಿ, ಮೇಲೇರಿದ ಮಗುವನ್ನು ಆ ದಿನವೇ ಮುಂದಿನ ಗುಂಪಿಗೆ ಕಳುಹಿಸಬೇಕು. ಗುಂಪಿನಿಂದ ಹೊರಬರುವುದು ಹಬ್ಬದಂತೆ ಇರಬೇಕು. ಓದಿನಲ್ಲಿ ಹಿಂದಿರುವ ಹುಡುಗ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿರುವುದು ಸಾಮಾನ್ಯ; ಸಂತೆಯಲ್ಲಿ ಅಪ್ಪನ ಜೊತೆ ಟೊಮೆಟೊ ತೂಗುವವನಿಗೆ ಚಿಲ್ಲರೆ ಲೆಕ್ಕ ನಾಲಿಗೆಯ ತುದಿಯಲ್ಲಿರುತ್ತದೆ. ಅವನನ್ನು ಲೆಕ್ಕದ ಹೊತ್ತಿನಲ್ಲಿ ಇತರರಿಗೆ ಹೇಳಿಕೊಡಲು ಕೂರಿಸಿದರೆ ಓದಿನ ಗುಂಪಿನ ನಾಚಿಕೆ ತಾನೇ ಕರಗುತ್ತದೆ.

ಕ್ಲಸ್ಟರಿನ ಸಿಆರ್‌ಪಿಯ ಪಾತ್ರ ಇಲ್ಲಿ ತುಂಬಾ ದೊಡ್ಡದು. ಹಲವು ಶಾಲೆಗಳನ್ನು ಸುತ್ತುವ, ಸ್ವತಃ ಶಿಕ್ಷಕರಾಗಿದ್ದು ಬಂದ ಈ ಸಂಪನ್ಮೂಲ ವ್ಯಕ್ತಿಯ ಮೂಲ ಕೆಲಸ ತರಗತಿಯಲ್ಲಿ ಶಿಕ್ಷಕರ ಪಕ್ಕ ನಿಲ್ಲುವುದು. ಹರಿಯಾಣದಲ್ಲಿ ಫಲ ಕೊಟ್ಟ ವ್ಯವಸ್ಥೆಯಲ್ಲಿದ್ದದ್ದೂ ಇಂಥವರೇ. ನಮ್ಮಲ್ಲಿ ಅವರ ದಿನ ಮಾಹಿತಿ ಸಂಗ್ರಹದಲ್ಲೇ ಕರಗುತ್ತಿದೆ. ತಿಂಗಳ ಸಮಾಲೋಚನಾ ಸಭೆಯಲ್ಲಿ ಬಾಕಿ ಉಳಿದ ವರದಿಗಳ ಪಟ್ಟಿ ಓದುವ ಬದಲು, ಎರಡು ಶಾಲೆಗಳ ಶಿಕ್ಷಕರು ತಮ್ಮ ಬೆಳಗಿನ ಗಂಟೆಯನ್ನು ಹೇಗೆ ಹೊಂದಿಸಿಕೊಂಡರು ಎಂದು ಹೇಳಿಕೊಂಡರೆ ಉಳಿದವರು ಅದನ್ನು ತಮ್ಮ ಶಾಲೆಗೆ ಒಯ್ಯುತ್ತಾರೆ. ಶಿಕ್ಷಕರು ಶಿಕ್ಷಕರಿಂದ ಕಲಿಯುವಷ್ಟು ಬೇರೆ ಯಾರಿಂದಲೂ ಕಲಿಯುವುದಿಲ್ಲ. ಹೆಗ್ಗಡದೇವನಕೋಟೆಯಲ್ಲಿ ಆದದ್ದೂ ಅದೇ.

ಎಷ್ಟೇ ಚೆನ್ನಾಗಿ ಹೊಂದಿಸಿದರೂ ಜಾರಿಹೋಗುವ ಮಕ್ಕಳು ಕೆಲವರಿರುತ್ತಾರೆ, ಅವರ ಬಗ್ಗೆ ವಿಶೇಷ ಕಾಳಜಿ ಬೇಕು. ತಾಂಡಾದಿಂದ ಬರುವ ಮಗುವಿನ ಮನೆಮಾತು ಲಂಬಾಣಿ, ಬಿಳಿಗಿರಿರಂಗನ ಬೆಟ್ಟದ ಮಗುವಿನದು ಸೋಲಿಗ ನುಡಿ, ಗಡಿಯಲ್ಲಿ ತೆಲುಗು, ಮರಾಠಿ. ಅವರ ತೊಡಕು ಓದಿನದ್ದಲ್ಲ, ಕೇಳಿದ ಕನ್ನಡ ಸಾಲದೆ ಬಂದ ತೊಡಕು. ಅಕ್ಷರದ ಕಾರ್ಡಿಗಿಂತ ಮೊದಲು ಅವರಿಗೆ ಬೇಕಾದ್ದು ಮಾತು, ಹಾಡು, ಕಥೆ. ಆಕಾಶವಾಣಿಯ ಮಕ್ಕಳ ಪಾಠ ಕೇಳಿಸಿ ಅದರ ಮೇಲೆ ಹರಟುವುದೂ ಪೂರಕ ಬೋಧನೆಯೇ. ವಿಶೇಷ ಅಗತ್ಯದ ಮಕ್ಕಳಿಗೆಂದು ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಶಿಕ್ಷಕರಿದ್ದಾರೆ, ಇಡೀ ತಾಲ್ಲೂಕಿಗೆ ಕೆಲವೇ ಜನ. ಅವರು ಬರುವ ದಿನ ಯಾವುದು ಎಂದು ಮೊದಲೇ ಗೊತ್ತಿದ್ದರೆ ಶಿಕ್ಷಕಿ, ತಾಯಿ, ಮಗು ಮೂವರೂ ಆ ದಿನ ಅಲ್ಲಿರಬಹುದು. ಇನ್ನು ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ತಂದೆ ತಾಯಿಯ ಜೊತೆ ದೀಪಾವಳಿ ಹೊತ್ತಿಗೆ ಹೊರಟು ಯುಗಾದಿಗೆ ಮರಳುವ ಮಕ್ಕಳು. ಹೊರಡುವಾಗ ಅವರ ಕೈಗೆ ಹಂತಕ್ಕೆ ಹೊಂದುವ ನಾಲ್ಕು ಪುಸ್ತಕ ಮತ್ತು ಈ ಮಗು ಇಲ್ಲಿಯವರೆಗೆ ಕಲಿತಿದೆ ಎಂದು ಬರೆದ ಒಂದು ಚೀಟಿ ಕೊಟ್ಟರೆ, ಹೋದ ಊರಿನ ಶಾಲೆಯವರಿಗೆ ಕೈ ಹಿಡಿಯಲು ಏನಾದರೂ ಇರುತ್ತದೆ.

ಶಿಕ್ಷಕರಿಗೂ ಇದೇ ಮಾತು ಅನ್ವಯಿಸುತ್ತದೆ. ಅವರೂ ವರ್ಗಾವಣೆಯಾಗಿ ಹೋಗುತ್ತಾರೆ, ಅತಿಥಿ ಶಿಕ್ಷಕರಂತೂ ವರ್ಷ ವರ್ಷವೂ ಬದಲಾಗುತ್ತಾರೆ. ಮುಖ್ಯ ಶಿಕ್ಷಕರು ಚಾರ್ಜ್ ಕೊಟ್ಟು ಹೋಗುವಾಗ ಪಟ್ಟಿಯಲ್ಲಿ ಬೆಂಚು, ಬೀರು, ಗ್ಯಾಸ್ ಸಿಲಿಂಡರ್, ಪಾತ್ರೆ, ನಗದು ಪುಸ್ತಕ, ಕಂಪ್ಯೂಟರ್ ಎಲ್ಲವೂ ಇರುತ್ತವೆ, ಪ್ರತಿಯೊಂದಕ್ಕೂ ಇಬ್ಬರ ಸಹಿ ಬೀಳುತ್ತದೆ. ಯಾವ ಮಗು ಒತ್ತಕ್ಷರದಲ್ಲಿ ನಿಂತಿದೆ, ಯಾವುದು ಹತ್ತು ಒಡೆದು ಕಳೆಯುವುದನ್ನು ಈಗಷ್ಟೇ ಹಿಡಿದಿದೆ, ಯಾರ ಜೊತೆ ಕೂರಿಸಿದರೆ ಬಾಯಿ ಬಿಡುತ್ತದೆ, ಸಂಜೆ ಪಾಠ ಹೇಳುವ ಊರಿನ ಯುವಕ ಯಾರು, ಅರಿವು ಕೇಂದ್ರಕ್ಕೆ ಹೋಗುವ ದಿನ ಯಾವುದು ಎಂಬ ಒಂದು ಪುಟ ಆ ಪಟ್ಟಿಯಲ್ಲಿ ಇರುವುದಿಲ್ಲ. ಬಂದವರು ಜೂನ್‌ನಲ್ಲಿ ಮತ್ತೆ ನೈದಾನಿಕ ಪರೀಕ್ಷೆಯಿಂದ ಶುರು ಮಾಡುತ್ತಾರೆ. ಚಾರ್ಜ್ ಪಟ್ಟಿಗೆ ಆ ಒಂದು ಪುಟವನ್ನು ಕಡ್ಡಾಯವಾಗಿ ಸೇರಿಸಿ, ಅದಕ್ಕೂ ಇಬ್ಬರ ಸಹಿ, ಜೊತೆಗೆ ಎಸ್‌ಡಿಎಂಸಿ ಅಧ್ಯಕ್ಷರ ಸಹಿ ಹಾಕಿಸಬೇಕೆಂದು ಒಂದು ಸುತ್ತೋಲೆ ಹೊರಡಿಸಲು ಇಲಾಖೆಗೆ ಹೊಸ ಅನುದಾನವೂ ಬೇಡ, ಹೊಸ ಹುದ್ದೆಯೂ ಬೇಡ. ಏಪ್ರಿಲ್‌ನಲ್ಲಿ ಶಾಲೆಗಳು ಬೇಸಿಗೆ ರಜೆಗೆ ಮುಚ್ಚುವ ಮೊದಲೇ ಅದನ್ನು ಮಾಡಬಹುದು.